ಗೊತ್ತಿಲ್ಲದ್ದಕ್ಕೂ ಒಂದು ಹೆಸರು

ಕಳೆದ ಭಾನುವಾರ ಹಾಸಿಗೆ ಕೊಡವುವಾಗ ಮಡಚಿಟ್ಟ ಹಾಳೆಯೊಂದು ಕೆಳಗೆ ಬಿತ್ತು. ಏಳನೇ ತರಗತಿಯ ಮೊಮ್ಮಗಳ ಗಣಿತದ ಕಿರುಪರೀಕ್ಷೆ. ಹತ್ತಕ್ಕೆ ಎರಡು ಅಂಕ.

"ತಾತ, ಅಪ್ಪನಿಗೆ ಹೇಳಬೇಡಿ. ಎಕ್ಸ್ ಕಂಡರೆ ನನಗೆ ಕೈ ನಡುಗುತ್ತೆ" ಎಂದಳು.

ಬೈಯಲು ನನಗೆ ಬಾಯಿ ಬರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾಗಿ, ಮತ್ತೆ ಕಟ್ಟಿ ಪಾಸಾದವನು ನಾನು. ಮಗನಿಗೂ ಹೇಳದ ಆ ಗುಟ್ಟನ್ನು ಅವಳಿಗೆ ಹೇಳಿಬಿಟ್ಟೆ. ಅವಳ ಮುಖ ಅರಳಿತು. ಇಬ್ಬರೂ ಲೆಕ್ಕಕ್ಕೆ ಕೂತೆವು.

ಒಂದು ತ್ರಿಭುಜದ ಎರಡನೆಯ ಕೋನ ಮೊದಲನೆಯದಕ್ಕಿಂತ 20 ಡಿಗ್ರಿ ಹೆಚ್ಚು. ಮೂರನೆಯದು ಮೊದಲನೆಯದರ ಎರಡರಷ್ಟು. ಹಾಗಾದರೆ ಮೂರೂ ಕೋನ ಎಷ್ಟೆಷ್ಟು?

ಮೊದಲು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ತ್ರಿಭುಜ ಕತ್ತರಿಸಿದೆವು. ಮೂರು ಮೂಲೆಗಳನ್ನೂ ಹರಿದು, ಚೂಪು ತುದಿಗಳು ಒಂದೇ ಕಡೆ ಸೇರುವಂತೆ ಪಕ್ಕಪಕ್ಕ ಜೋಡಿಸಿದೆವು. ಅಡಿಯಲ್ಲಿ ನೆಟ್ಟಗೆ ಗೆರೆ ಬಂತು! ಅಂದರೆ 180 ಡಿಗ್ರಿ. ಬೇರೆ ಆಕಾರದ ತ್ರಿಭುಜದಲ್ಲೂ ಹಾಗೆಯೇ. ಎಲ್ಲ ತ್ರಿಭುಜಕ್ಕೂ ಹೀಗೇ ಎಂಬುದನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ 2,000 ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ್ದಾನೆ.

ಉಳಿದದ್ದು ಎಕ್ಸ್ ಎಂಬ ಭೂತ. ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಬರೆಯುವ ರೂಢಿ ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹಬ್ಬಿತು. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ನಮ್ಮ ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ' ಗ್ರಂಥದಲ್ಲಿ ಅದನ್ನು 'ಯಾವತ್ತಾವತ್' ಎಂದಿದ್ದರು. ಎಷ್ಟಿದೆಯೋ ಅಷ್ಟು ಎಂದರ್ಥ. ಚಿಕ್ಕದಾಗಿ 'ಯಾ'.

"ಯಾವುದೋ ಅನ್ನೋದರ ಯಾ! ನನಗೆ ಇದೇ ಇರಲಿ" ಎಂದು ಪೆನ್ಸಿಲ್ ಹಿಡಿದಳು.

ಮೊದಲ ಕೋನ ಯಾ. ಎರಡನೆಯದು ಯಾ + 20. ಮೂರನೆಯದು 2ಯಾ. ಮೂರನ್ನೂ ಕೂಡಿಸಿದರೆ,

4ಯಾ + 20 = 180

ಎರಡೂ ಕಡೆ 20 ಕಳೆದರೆ 4ಯಾ = 160. ನಾಲ್ಕರಿಂದ ಭಾಗಿಸಿದರೆ ಯಾ = 40. ಕೋನಗಳು 40, 60, 80. ಕೂಡಿಸಿ ತಾಳೆ ನೋಡಿದಳು. ಸರಿಯಾಗಿ 180!

"ಇಷ್ಟೇನಾ ತಾತ?"

ಇಷ್ಟೇ. ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು, ಗೊತ್ತಿರುವುದರ ಜೊತೆ ಕೂರಿಸಿದರೆ ಅದೇ ತನ್ನ ಗುಟ್ಟು ಬಿಡುತ್ತದೆ.

ಸಂಜೆ ಅವಳಾಗಿಯೇ ಆ ಹಾಳೆಯನ್ನು ಅಪ್ಪನ ಮುಂದಿಟ್ಟಳು. ಪಕ್ಕದಲ್ಲೇ ಕೂತು, ನನ್ನ ಫೇಲಾದ ಕಥೆಯನ್ನು ನಾನೂ ಮಗನಿಗೆ ಹೇಳಿದೆ.

ಮಕ್ಕಳೇ, ನಿಮಗೊಂದು ಲೆಕ್ಕ: ಒಂದು ತ್ರಿಭುಜದಲ್ಲಿ ಕೆಳಗಿನ ಎರಡು ಕೋನಗಳೂ ಸಮ. ಪ್ರತಿಯೊಂದೂ ಮೇಲಿನ ಕೋನದ ಎರಡರಷ್ಟು. ಮೇಲಿನದು ಎಷ್ಟು ಡಿಗ್ರಿ? ಅಜ್ಜಿ-ತಾತನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ. ಅವರಿಗೂ ಹೇಳದೆ ಉಳಿದ ಕಥೆಗಳಿರುತ್ತವೆ.