ಅರ್ಧ ಮದ್ದು, ಪೂರಾ ಕೇಡು

ಮಡಕಶಿರಾ ಸೀಮೆಯ ನಾವು ಒಂದು ಕುರಿಯ ಜಂತಿನ ಔಷಧಿಯನ್ನ ಎರಡಕ್ಕೆ ಹಂಚೋದುಂಟು. ನಾನೂ ಹಂಚಿದವನೇ. ಬರಬರುತ್ತಾ ಔಷಧಿ ನಾಟದಾಯಿತು. ಸಾಯದೆ ಉಳಿದ ಹುಳದ ಸಂತಾನವೇ ಹೆಚ್ಚಿತ್ತು.

ಬಿಹಾರದಲ್ಲಿ ಮನುಷ್ಯರಿಗೇ ಹೀಗಾಯಿತು. ಮರಳುನೊಣ ಹರಡುವ ಕಾಲಾ ಅಜಾರ್‌ಗೆ ದಶಕಗಳ ಕಾಲ ಆಂಟಿಮನಿ ಸೂಜಿಯೇ ಗತಿ. ಕಡಿಮೆ ಡೋಸು, ನಡುವೆ ಬಿಟ್ಟ ಸೂಜಿ ರೋಗಾಣು ಗಟ್ಟಿಯಾಗಲು ದಾರಿಯಾದವು. 1990ರ ದಶಕದಲ್ಲಿ ಉತ್ತರ ಬಿಹಾರದ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಅದು ನಾಟಲಿಲ್ಲ. 2002ರಲ್ಲಿ ಒಪ್ಪಿಗೆ ಪಡೆದ ಮಿಲ್ಟೆಫೋಸಿನ್ ಗುಳಿಗೆಯನ್ನು 28 ದಿನ ನುಂಗಬೇಕು. ಹತ್ತು ವರ್ಷದಲ್ಲಿ ರೋಗ ಮರುಕಳಿಸೋದು ಹೆಚ್ಚಿತು. 2014ರಲ್ಲಿ ಸರ್ಕಾರ ಒಂದೇ ಸಲ ಡ್ರಿಪ್‌ನಲ್ಲಿ ಕೊಡುವ ಲಿಪೊಸೋಮಲ್ ಆಂಫೊಟೆರಿಸಿನ್ ಆರಿಸಿತು. ನಡುವೆ ಬಿಡುವ ಮಾತೇ ಇಲ್ಲ.

ತೆಲುಗಿನಲ್ಲಿ ಮಂದು, ಕನ್ನಡದಲ್ಲಿ ಮದ್ದು. ಅರ್ಧ ಕುಡಿದರೆ ಎರಡೂ ದಂಡವೇ.