ಗಾಡಿ ಒದೆಯುವುದು ಯಾವಾಗ?

ಕಬ್ಬಿನ ಸುಗ್ಗಿಯ ದಿನಗಳಲ್ಲಿ ಹವಳಗಾದ ಹಾದಿ ಹಿಡಿದವರಿಗೆ ತಾಳ್ಮೆಯ ಪಾಠವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಫಜಲಪುರ ತಾಲ್ಲೂಕಿನ ಈ ಊರಿನಲ್ಲಿರುವ ಸಕ್ಕರೆ ಕಾರ್ಖಾನೆಯು ಕಬ್ಬು ನುರಿಸತೊಡಗಿತೆಂದರೆ, ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ತಮ್ಮದಾಗಿಸಿಕೊಳ್ಳುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡ ಕಾರು ಹತ್ತು ಮಾರು ಸರಿಯುವುದು, ನಿಲ್ಲುವುದು, ಮತ್ತೆ ಹತ್ತು ಮಾರು ಸರಿಯುವುದು. ಇಂತಹ ಸಾಲಿನಲ್ಲಿಯೇ ಒಂದು ದಿನ ನನ್ನ ಸೋದರಮಾವನ ಕಾರು ಹಿಂದಿನಿಂದ ಯಾರೋ ಗುದ್ದಿದರೋ ಎಂಬಂತೆ ಧಡ್ಡೆಂದು ಮುಂದಕ್ಕೆ ಜಿಗಿಯಿತು. ಟ್ರೇಲರಿನಿಂದ ಹೊರಚಾಚಿದ್ದ ಕಬ್ಬಿನ ತುದಿಗಳು ಮುಂಗಾಜಿಗೆ ಒಂದು ಗೇಣಿನ ಅಂತರದಲ್ಲಿ ನಿಂತವು. ಪಕ್ಕದಲ್ಲಿ ಕುಳಿತಿದ್ದ ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿರುವಾಗಲೇ ಮಾವ ಶಾಂತವಾಗಿ, "ಒಮ್ಮೊಮ್ಮೆ ಒದೀತದ ನೋಡಪಾ, ದಿನಾ ಅಲ್ಲ" ಎಂದರು.

ಮಾವ ನಿವೃತ್ತ ಶಾಲಾ ಮಾಸ್ತರರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಅವರ ಎಡಗಾಲು ಸೋತಿದೆ, ಕ್ಲಚ್ಚನ್ನು ತುಳಿಯಲಾರರು. ಆದುದರಿಂದಲೇ ಹದಿನೈದು ವರ್ಷ ದಾಟಿದ ಆ ಸಣ್ಣ ಕಾರನ್ನು, ಅದರಲ್ಲಿ ತಾನೇ ಗೇರು ಬದಲಿಸಿಕೊಳ್ಳುವ ಏರ್ಪಾಡಿದೆ ಎಂಬ ಒಂದೇ ಕಾರಣಕ್ಕಾಗಿ, ಅವರು ಯಾರದೋ ಕೈಯಿಂದ ಕೊಂಡು ತಂದಿದ್ದರು. ಊರವರ ಕಣ್ಣಿಗೆ ಅದು ಹಳೆಯ ಡಬ್ಬಿ. ಅವರಿಗೆ ಮಾತ್ರ ಯಾರ ಹಂಗೂ ಇಲ್ಲದೆ ಕಲಬುರಗಿಗೆ ಹೋಗಿಬರುವ ಸ್ವಾತಂತ್ರ್ಯ. ಪಟ್ಟಣದ ಒಂದು ಗ್ಯಾರೇಜಿನವರು ಗಾಡಿಯನ್ನು ಅರ್ಧ ಮೈಲಿ ಓಡಿಸಿ ನೋಡಿ, ಗೇರ್ ಬಾಕ್ಸನ್ನೇ ಬಿಚ್ಚಬೇಕೆಂದು ತೀರ್ಪು ಕೊಟ್ಟಿದ್ದರು. ಹೇಳಿದ ಮೊತ್ತ ಗಾಡಿಯ ಆಗಿನ ಬೆಲೆಯ ಅರ್ಧವನ್ನು ಮೀರಿತ್ತು. ಅವರು ಓಡಿಸಿದ ಆ ಅರ್ಧ ಮೈಲಿಯಲ್ಲಿ ಅದು ಒಮ್ಮೆಯೂ ಒದೆದಿರಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಮಾತು.

ಸದಾ ಒದೆಯುವ ಗಾಡಿಯ ರೋಗವನ್ನು ಹಿಡಿಯುವುದು ಸುಲಭ. ಒಮ್ಮೆ ಒದೆದು ಒಮ್ಮೆ ಒಲಿಯುವ ಗಾಡಿಯ ವಿಷಯವೇ ಬೇರೆ. ಅದರ ಗುಟ್ಟು ತಿಳಿಯಬೇಕಾದರೆ ಆ ಕಬ್ಬಿಣದ ಪೆಟ್ಟಿಗೆಯೊಳಗೆ ನಡೆಯುವುದೇನೆಂಬುದನ್ನು ತುಸು ಅರಿಯಬೇಕು.

ಎರಡು ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ಮೆಲ್ಲನೆ ತಿರುಗತೊಡಗುವುದನ್ನು ವಾಚಕರು ಕಂಡಿರಬಹುದು. ಗಾಳಿಯ ಬದಲು ಎಣ್ಣೆಯನ್ನು ತುಂಬಿದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲತತ್ತ್ವ. ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಎಂಜಿನಿಯರರು ಹಡಗುಗಳಿಗಾಗಿ ಇದನ್ನು ಯೋಚಿಸಿ 1905ರಲ್ಲಿ ಪೇಟೆಂಟ್ ಪಡೆದರು. ತಾನೇ ಗೇರು ಬದಲಿಸುವ ಪೆಟ್ಟಿಗೆ ಮೋಟಾರು ಕಾರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದದ್ದು ಅಮೆರಿಕದಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಗಾಡಿಗಳಲ್ಲಿ. ಅದರ ಹೆಸರು ಹೈಡ್ರಾಮ್ಯಾಟಿಕ್. ಈ ಪೆಟ್ಟಿಗೆಗಳ ಎಣ್ಣೆಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರೆಂದರೆ ನಂಬಲು ಕಷ್ಟವಾದೀತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸರ್ಕಾರವು ತಿಮಿಂಗಿಲಗಳ ರಕ್ಷಣೆಗೆ ಮುಂದಾದ ಮೇಲೆ ತಯಾರಕರು ಬದಲಿ ಎಣ್ಣೆಗಳನ್ನು ಹುಡುಕಬೇಕಾಯಿತು.

ಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳು ಎಂದೆಂದೂ ಒಂದನ್ನೊಂದು ಕಚ್ಚಿಕೊಂಡೇ ಇರುತ್ತವೆ. ಗೇರು ಬದಲಾಗುವುದೆಂದರೆ ಕ್ಲಚ್ ಫಲಕಗಳ ಒಂದು ಗುಂಪು ಸಡಿಲಾಗಿ ಇನ್ನೊಂದು ಗುಂಪು ಬಿಗಿಯಾಗುವುದು, ಅಷ್ಟೇ. ಬಿಗಿಯುವ ಕೈ ಎಣ್ಣೆಯ ಒತ್ತಡದ್ದು. ಒತ್ತಡ ಹಿತವಾಗಿದ್ದರೆ ಗೇರು ಬದಲಾದದ್ದು ಒಳಗೆ ಕುಳಿತವರಿಗೆ ತಿಳಿಯದು. ಕಡಮೆಯಾದರೆ ಫಲಕಗಳು ಜಾರಿ, ಕಾದು, ಕರಿಯಾಗುತ್ತವೆ. ಹೆಚ್ಚಾದರೆ ಫಲಕಗಳು ಒಮ್ಮೆಲೇ ಹಿಡಿದುಕೊಂಡು ಗಾಡಿ ಒದೆಯುತ್ತದೆ. ಎಷ್ಟು ಒತ್ತಡ ಬೇಕೆಂಬುದನ್ನು ಬಹಳ ಹಳೆಯ ಗಾಡಿಗಳಲ್ಲಿ ಒಂದು ತಂತಿಯೋ ನಿರ್ವಾತದ ಕೊಳವೆಯೋ ನಿಶ್ಚಯಿಸುತ್ತಿತ್ತು. ಮಾವನ ಗಾಡಿಯ ಪೀಳಿಗೆಯಲ್ಲಿ ಆ ಅಧಿಕಾರ ಒಂದು ಪುಟ್ಟ ಕಂಪ್ಯೂಟರಿನದು. ಚಾಲಕನು ಪೆಡಲನ್ನು ಎಷ್ಟು ತುಳಿದಿದ್ದಾನೆ, ಗಾಡಿಯ ವೇಗವೆಷ್ಟು, ಎಣ್ಣೆ ಎಷ್ಟು ಕಾದಿದೆ ಎಂಬುದನ್ನೆಲ್ಲ ವಿದ್ಯುತ್ತಿನ ಸಂಕೇತಗಳಿಂದ ಅರಿತು, ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟದ ಮೂಲಕ ಅದು ಒತ್ತಡವನ್ನು ಏರಿಸಿ ಇಳಿಸುತ್ತದೆ.

ಇನ್ನು ಈ ಯಂತ್ರವನ್ನು ರಚಿಸಿದವರ ಜಾಣತನವನ್ನು ನೋಡಿ. ತಂತಿ ಕಡಿದು ಹೋದರೆ, ಸಂಕೇತ ಬಾರದಿದ್ದರೆ, ಬಂದ ಸಂಕೇತ ನಂಬುವಂತಿಲ್ಲದಿದ್ದರೆ ಏನು ಮಾಡಬೇಕು? ಒತ್ತಡ ಕುಸಿದರೆ ಫಲಕಗಳು ಸುಟ್ಟು ಪೆಟ್ಟಿಗೆಯೇ ಹಾಳು; ಒತ್ತಡ ಏರಿದರೆ ಪ್ರಯಾಣಿಕರ ಬೆನ್ನಿಗೆ ಮಾತ್ರ ಪೆಟ್ಟು. ಆದುದರಿಂದ ಸಂದೇಹ ಬಂದಾಗಲೆಲ್ಲ ಒತ್ತಡವನ್ನು ತುದಿಗೇರಿಸುವಂತೆ ಇಂತಹ ಬಹುತೇಕ ಪೆಟ್ಟಿಗೆಗಳನ್ನು ರಚಿಸಿದ್ದಾರೆ. ಎಂದರೆ, ನಾವು ರೋಗವೆಂದು ಬಗೆಯುವ ಒದೆ ಎಷ್ಟೋ ವೇಳೆ ಪೆಟ್ಟಿಗೆಯು ತನ್ನನ್ನು ತಾನು ರಕ್ಷಿಸಿಕೊಳ್ಳುವ ಉಪಾಯ. ಇದನ್ನರಿಯದೆ ಮೊದಲ ದಿನವೇ ಪೆಟ್ಟಿಗೆಯನ್ನು ಬಿಚ್ಚಿಸುವುದು, ಕೂಗಿಕೊಂಡ ಕಾವಲುಗಾರನನ್ನೇ ಕಳ್ಳನೆಂದು ಹಿಡಿದಂತೆ.

ಹಾಗಾದರೆ ಮೊದಲು ನೋಡಬೇಕಾದದ್ದೇನು? ಎಣ್ಣೆ. ಇದರಲ್ಲಿ ತಪ್ಪುವವರೇ ಹೆಚ್ಚು. ಎಂಜಿನ್ನಿನ ಎಣ್ಣೆಯನ್ನು ಗಾಡಿ ನಿಲ್ಲಿಸಿ ಅಳೆಯುತ್ತೇವೆ. ಆಟೋಮ್ಯಾಟಿಕ್ ಪೆಟ್ಟಿಗೆಯದನ್ನು ಬಹುತೇಕ ಗಾಡಿಗಳಲ್ಲಿ ಎಂಜಿನ್ ನಡೆಯುತ್ತಿರುವಾಗಲೇ ಅಳೆಯಬೇಕು. ಹತ್ತು ಹದಿನೈದು ಮೈಲಿ ಓಡಿಸಿ ಎಣ್ಣೆ ಕಾದ ಮೇಲೆ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬ್ರೇಕು ಒತ್ತಿ ಹಿಡಿದು ಗೇರು ಹಿಡಿಕೆಯನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು, ಕೊನೆಗೆ ಪಾರ್ಕಿಂಗಿನಲ್ಲಿಟ್ಟು ಅಳತೆಯ ಕಡ್ಡಿಯನ್ನು ತೆಗೆಯಬೇಕು. (ನ್ಯೂಟ್ರಲ್ಲಿನಲ್ಲಿಡಬೇಕೆನ್ನುವ ಕಂಪನಿಗಳೂ ಉಂಟು, ಗಾಡಿಯ ಕೈಪಿಡಿಯ ಮಾತೇ ಅಂತಿಮ.) ಕೆಂಪಾಗಿ ತಿಳಿಯಾಗಿದ್ದರೆ ಲೇಸು. ಕಂದಾಗಿದ್ದರೆ ಬದಲಿಸುವ ಕಾಲ ಬಂದಿದೆ. ಕಪ್ಪಾಗಿ ಸುಟ್ಟ ವಾಸನೆ ಬಡಿದರೆ ಮಾತ್ರ ಫಲಕಗಳ ಗತಿ ಚಿಂತಾಜನಕ. ಮಾವನ ಗಾಡಿಯ ಎಣ್ಣೆ ತುಸು ಕಂದಿತ್ತು, ಮಟ್ಟ ಸರಿಯಾಗಿತ್ತು, ವಾಸನೆಯಿರಲಿಲ್ಲ. ಪೆಟ್ಟಿಗೆ ಇನ್ನೂ ಬದುಕಿದೆಯೆಂಬುದಕ್ಕೆ ನಮಗೆ ಸಿಕ್ಕ ಮೊದಲ ಸಾಕ್ಷಿ ಅದು.

ಊರಿನಲ್ಲಿ ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡುವ ಒಬ್ಬ ತರುಣನಿದ್ದಾನೆ, ಮಾವನ ಹಳೆಯ ಶಿಷ್ಯ. ಆಟೋಮ್ಯಾಟಿಕ್ ಗೇರನ್ನು ಅವನು ಎಂದೂ ಬಿಚ್ಚಿದವನಲ್ಲ. ಬಹುಶಃ ಅದೇ ನಮ್ಮ ಪುಣ್ಯ. "ಬಿಚ್ಚೋದು ಯಾವಾಗರ ಬಿಚ್ಚಬಹುದ್ರಿ ಮಾಸ್ತರ್ರೆ. ಮೊದಲು ಅದು ಯಾವಾಗ ಒದೀತದ ಅಂಬೋದು ಬರದಿಡ್ರಿ" ಎಂದ.

ಮಾಸ್ತರಿಕೆ ಮಾಡಿದವರಿಗೆ ಹಾಜರಿ ಪುಸ್ತಕ ಬರೆಯುವುದು ಹೊಸದೇ? ಮಾವ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು, ಹೊತ್ತು ಎಷ್ಟು, ಗಾಡಿ ಎಷ್ಟು ದೂರ ಓಡಿತ್ತು, ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ ಒದೆಯಿತು, ಪೆಡಲು ಎಷ್ಟು ತುಳಿದಿತ್ತು ಎಂದೆಲ್ಲ ದಾಖಲಿಸತೊಡಗಿದರು. ಕೊನೆಯ ಕಾಲಮಿಗೆ "ಇತರೆ" ಎಂದು ಹೆಸರಿಟ್ಟಿದ್ದರು. ಉತ್ತರ ಅಡಗಿದ್ದದ್ದು ಅಲ್ಲಿಯೇ.

ಮೊದಲ ಎರಡು ವಾರಗಳ ಬರಹ ನಮ್ಮನ್ನು ದಾರಿ ತಪ್ಪಿಸಿತು. ಒದೆಗಳೆಲ್ಲವೂ ಮಧ್ಯಾಹ್ನದವು, ಬೆಳಗಿನ ತಂಪಿನಲ್ಲಿ ಒಂದೂ ಇಲ್ಲ. ಬಿಸಿಲು, ಕಬ್ಬಿನ ಸಾಲು, ಕಾದ ಎಣ್ಣೆ ಎಂದು ನಾವು ನಿರ್ಣಯಿಸಿಯೇಬಿಟ್ಟಿದ್ದೆವು. ಆ ಸಂಶಯ ಅವಿವೇಕದ್ದೇನಲ್ಲ: ಕಾದಾಗ ಮಾತ್ರ ಕೈಕೊಡುವ ಸೊಲೆನಾಯ್ಡುಗಳುಂಟು, ಅದರ ಸುರುಳಿಯ ರೋಧವನ್ನು ತಣ್ಣಗಿರುವಾಗ ಒಮ್ಮೆ, ಕಾದಾಗ ಒಮ್ಮೆ ಅಳೆದು ಕೈಪಿಡಿಯ ಅಂಕಿಯೊಡನೆ ಹೋಲಿಸುವುದು ವಾಡಿಕೆ. ಆದರೆ ಮೂರನೆಯ ವಾರ ದೇವಲ ಗಾಣಗಾಪುರದಿಂದ ರಾತ್ರಿ ಮರಳುವಾಗ ಅಕಾಲದ ಮಳೆ ಹಿಡಿಯಿತು. ಹವೆ ತಣ್ಣಗಿತ್ತು, ರಸ್ತೆ ಖಾಲಿಯಿತ್ತು, ಗಾಡಿ ಮೂರು ಸಲ ಒದೆಯಿತು. "ಇತರೆ" ಕಾಲಮಿನಲ್ಲಿ ಮಾವ ಬರೆದದ್ದು: ದೀಪ, ವೈಪರು, ಗಾಜಿನ ಮಬ್ಬಿಗಾಗಿ ಎ.ಸಿ.

ಆ ತರುಣ ಈ ಸಾಲನ್ನು ಓದಿ ಹಿಂದಿನ ಪುಟಗಳನ್ನು ತಿರುವಿಹಾಕಿದ. ಮಧ್ಯಾಹ್ನದ ಒದೆಗಳ ಎದುರಿಗೂ ಎ.ಸಿ. ಇತ್ತು. ಅದು ನಡೆಯುವಾಗ ರೇಡಿಯೇಟರಿನ ಫ್ಯಾನೂ ತಿರುಗುತ್ತದೆ. "ಗಾಡಿ ಚಾಲೂ ಆಗಾಗ ತ್ರಾಸ್ ಕೊಡ್ತದೇನ್ರಿ?" ಎಂದು ಕೇಳಿದ. ಕೊಡುತ್ತಿತ್ತು, ಅದಕ್ಕಾಗಿ ಮಾವ ದೀಪಾವಳಿಗೆ ಮೊದಲೇ ಹೊಸ ಬ್ಯಾಟರಿ ಹಾಕಿಸಿದ್ದರು, ಆದರೂ ಆಗಾಗ ತಡವರಿಸುತ್ತಿತ್ತು. ಬ್ಯಾಟರಿ ಕಳಚಿದ ಬಳಿಕ ಕೆಲವು ದಿನ ಒದೆ ಹೆಚ್ಚಿದ್ದೂ ನಿಜ. ಕಂಪ್ಯೂಟರು ಕಲಿತಿಟ್ಟುಕೊಂಡಿದ್ದ ಪಾಠ ಅಳಿಸಿಹೋದರೆ ಅನೇಕ ಗಾಡಿಗಳು ಹಾಗೆ ಮಾಡುತ್ತವೆ. ಗ್ಯಾರೇಜಿಗೆ ಗಾಡಿ ಹೋದದ್ದು ದುರದೃಷ್ಟಕ್ಕೆ ಆ ದಿನಗಳಲ್ಲಿ.

ಅವನು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಗೇರ್ ಬಾಕ್ಸಿನ ಬರಿಯ ಲೋಹಕ್ಕೂ ತಾಗಿಸಿ ಎಂಜಿನ್ ನಡೆಸಿದ. ಇವೆರಡೂ ಅರ್ಥಿಂಗಿನಿಂದ ಕೂಡಿರುವುದರಿಂದ ಮೀಟರಿನ ಮುಳ್ಳು ಸೊನ್ನೆಯ ಆಸುಪಾಸಿನಲ್ಲಿರಬೇಕು. ಹೆಚ್ಚೆಂದರೆ ಒಂದೆರಡು ದಶಾಂಶ ವೋಲ್ಟು. ಎಲ್ಲವನ್ನೂ ಆರಿಸಿದಾಗ ಹಾಗೆಯೇ ಇತ್ತು. ದೀಪ ಹಚ್ಚಿದ, ಸ್ವಲ್ಪ ಏರಿತು. ಎ.ಸಿ. ಹಚ್ಚಿದ, ಫ್ಯಾನು ತಿರುಗಿತು, ಮೀಟರು ಮುಕ್ಕಾಲು ವೋಲ್ಟಿಗೆ ಹತ್ತಿರವಾಯಿತು. ತರುಣ ನಕ್ಕ. "ಇಂಥವು ಟ್ರ್ಯಾಕ್ಟರಿನಾಗ ದಿನಾ ನೋಡ್ತೀನ್ರಿ. ಅರ್ಥಿಂಗ್ ಹೋಗ್ಯಾದ."

ಗಾಡಿಯ ಕೆಳಗೆ ತೂರಿ ನೋಡಿದಾಗ ಗೇರ್ ಬಾಕ್ಸನ್ನು ಗಾಡಿಯ ಮೈಗೆ ಕೂಡಿಸುವ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿ ಸಿಕ್ಕಿತು. ಬೋಲ್ಟಿನ ಬುಡದಲ್ಲಿ ಹಸಿರು ಕಿಲುಬು. ಎಳೆಗಳಲ್ಲಿ ಅರ್ಧಕ್ಕರ್ಧ ಕಡಿದಿದ್ದವು. ಕರಿಮಣ್ಣಿನ ಹೊಲದ ದಾರಿಯ ಕೆಸರೂ ಧೂಳೂ ವರ್ಷಗಟ್ಟಲೆ ಅಲ್ಲಿ ಮೆತ್ತಿಕೊಂಡಿದ್ದವು. ದೀಪ, ಫ್ಯಾನು, ಎ.ಸಿ.ಗಳ ವಿದ್ಯುತ್ತು ಹಿಂದಿರುಗುವ ಹೆದ್ದಾರಿ ಅದು. ಹೆದ್ದಾರಿ ಕಿರಿದಾಗಿ ಗಾಡಿಯ ಮೈಗೂ ಎಂಜಿನ್ನಿಗೂ ನಡುವೆ ವೋಲ್ಟಿನ ಅಂತರ ಬಿದ್ದಿತ್ತು. ಪೆಡಲನ್ನು ಬಿಟ್ಟಾಗ ಅದರ ಸಂಕೇತ ಸಾಮಾನ್ಯವಾಗಿ ಅರ್ಧ ವೋಲ್ಟಿನ ಸುತ್ತಮುತ್ತಲಿನದು. ಅಳೆಯುವ ಸೊನ್ನೆಯೇ ಮುಕ್ಕಾಲು ವೋಲ್ಟಿನಷ್ಟು ಸರಿದರೆ ಆ ಸಂಕೇತಕ್ಕೆ ಅರ್ಥವೇನು ಉಳಿದೀತು? ನಂಬಲಾಗದ ಲೆಕ್ಕವನ್ನು ಕಂಡ ಕಂಪ್ಯೂಟರು ಒತ್ತಡವನ್ನು ತುದಿಗೇರಿಸಿ ಕುಳಿತುಕೊಳ್ಳುತ್ತಿತ್ತೆಂದು ನಾವು ತರ್ಕಿಸಿದೆವು. ಗೇರ್ ಬಾಕ್ಸಿನ ಕಂಪ್ಯೂಟರಿನ ಸಂಕೇತಗಳನ್ನು ಓದುವ ಯಂತ್ರವಿದ್ದಿದ್ದರೆ ಅದು ಬಾಯಿಬಿಟ್ಟು ಹೇಳುತ್ತಿತ್ತೇನೋ. ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ಸಲಕರಣೆಗಳಲ್ಲಿ ಹೆಚ್ಚಿನವು ಎಂಜಿನ್ನಿನ ದೂರುಗಳನ್ನಷ್ಟೇ ಓದುತ್ತವೆ, ಕೊಳ್ಳುವವರು ವಿಚಾರಿಸಿಕೊಳ್ಳಬೇಕು.

ಕಿಲುಬನ್ನು ಕೆರೆದು ಹೊಸ ಪಟ್ಟಿಯನ್ನು ಬಿಗಿದದ್ದಾಯಿತು. ಖರ್ಚು ಒಂದು ಊಟದಷ್ಟು. ಕಂದಿದ್ದ ಎಣ್ಣೆಯನ್ನು, ಕಂಪನಿ ಹೇಳಿದ ಜಾತಿಯದನ್ನೇ ತರಿಸಿ, ಎರಡು ಕಂತಿನಲ್ಲಿ ಬದಲಿಸಿದರು. ಒಮ್ಮೆ ಸೋರಿಸಿದರೆ ಕನ್ವರ್ಟರಿನೊಳಗಿನ ಎಣ್ಣೆ ಹಾಗೆಯೇ ಉಳಿಯುತ್ತದಾದ್ದರಿಂದ ಹೀಗೆ ಮಾಡುವುದು ಒಳ್ಳೆಯದು.

ಪೂರ್ತಿ ಗೆದ್ದೆವೆಂದು ಹೇಳಲಾರೆ. ಒಂದು ವಾರದ ಮೇಲೆ ರಿವರ್ಸಿಗೆ ಹಾಕುವಾಗ ಮಾತ್ರ ಸಣ್ಣದೊಂದು ಧಡ್ ಸದ್ದು ಉಳಿದಿರುವುದು ನೋಟುಬುಕ್ಕಿನಲ್ಲಿ ಕಂಡುಬಂತು. ಅದು ಬಿಸಿಲು ತಂಪುಗಳ ಭೇದವಿಲ್ಲದೆ, ಎ.ಸಿ. ಇರಲಿ ಬಿಡಲಿ, ಪ್ರತಿಸಲವೂ ಆಗುತ್ತಿತ್ತು. ಬಾನೆಟ್ ಎತ್ತಿ, ಮಾವ ಬ್ರೇಕು ಒತ್ತಿ ಹಿಡಿದು ಹಿಡಿಕೆಯನ್ನು ಸರಿಸುತ್ತಿದ್ದಂತೆ ನಾವು ಪಕ್ಕದಿಂದ ನೋಡಿದೆವು: ಎಂಜಿನ್ನೇ ನಾಲ್ಕು ಬೆರಳು ಎದ್ದು ಕೂರುತ್ತಿತ್ತು. ಅದನ್ನು ಹಿಡಿದಿಡುವ ರಬ್ಬರಿನ ಮೌಂಟಿಂಗ್ ಹರಿದಿತ್ತು. ಗೇರಿಗೂ ಅದಕ್ಕೂ ಸಂಬಂಧವಿಲ್ಲ. ಒದೆ ಮಾತ್ರ ಒಂದೇ ಬಗೆಯದು.

ಇಲ್ಲಿ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋದೊಡನೆ ಸಣ್ಣ ಕಾರುಗಳಿಗೆ ಬಂದ ಎ.ಎಂ.ಟಿ. ಎಂಬುದು ಬೇರೆಯೇ ಜಾತಿ. ಅದು ಸಾಮಾನ್ಯ ಗೇರ್ ಬಾಕ್ಸೇ. ಕ್ಲಚ್ಚನ್ನೂ ಗೇರನ್ನೂ ಚಾಲಕನ ಬದಲು ಯಂತ್ರದ ಕೈ ನಡೆಸುತ್ತದೆ. ಅದರ ತಡವರಿಕೆಗೆ ಮೇಲಿನ ಎಣ್ಣೆಯ ಲೆಕ್ಕ ಅನ್ವಯಿಸದು. ಅರ್ಥಿಂಗಿನ ಲೆಕ್ಕ ಮಾತ್ರ ಎರಡಕ್ಕೂ ಸಮಾನ.

ಕಳೆದ ಹುಣ್ಣಿಮೆಗೆ ಮಾವನೊಡನೆ ಮತ್ತೆ ಗಾಣಗಾಪುರಕ್ಕೆ ಹೋಗಿದ್ದೆ. ಸಂಗಮದ ಹತ್ತಿರ ಗಾಡಿಗಳ ಸಾಲಿನಲ್ಲಿ ಅರ್ಧ ಗಂಟೆ ತೆವಳಿದೆವು, ಎ.ಸಿ. ಹಚ್ಚಿಕೊಂಡೇ. ನಾನು ಸಾಲು ಸರಿದಾಗಲೆಲ್ಲ ಅಭ್ಯಾಸಬಲದಿಂದ ಮುಂದಿನ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಅದನ್ನು ಕಂಡ ಮಾವ, "ಕೈ ಬಿಡಪಾ, ಇನ್ನ ಒದಿಯಂಗಿಲ್ಲ" ಎಂದರು. ನೋಟುಬುಕ್ಕು ಮಾತ್ರ ಡ್ಯಾಶ್‌ಬೋರ್ಡಿನ ಮೇಲೆ, ಪೆನ್ನು ಸಿಕ್ಕಿಸಿಕೊಂಡು, ಹಾಗೆಯೇ ಇತ್ತು.