ಜೋಳದ ಋಣ

2024ನೆಯ ಇಸವಿಯ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿದ ಸಂಗತಿಯು ವಾಚಕರಿಗೆ ನೆನಪಿರಬಹುದು. ಚಿಕ್ಕಲಸಂದ್ರದ ನಮ್ಮ ಬೀದಿಯಲ್ಲಿಯೂ ಆಗ ನೀರನ್ನು ಕೊಡದಲ್ಲಿ ಅಳೆದು ಬಳಸಬೇಕಾಯಿತು. ವಿಜಯಪುರದ ಕಡೆಯಿಂದ ಬಂದಿರುವ ನೆರೆಮನೆಯ ತಾಯಿಯವರು ಒಂದು ದಿನ ರೊಟ್ಟಿ ತಂದುಕೊಟ್ಟಾಗ ನಾವು ಈ ಕಷ್ಟವನ್ನು ಹೇಳಿಕೊಂಡೆವು. ಅವರು ನಕ್ಕು, “ನಮ್ಮ ಹಿಂಗಾರಿ ಜ್ವಾಳಕ್ಕ ನೀರು ಯಾರು ಹಾಕತಾರ್ರೀ ಮಾಸ್ತರ? ಭೂಮ್ಯಾಗಿನ ಹಸಿ ಮ್ಯಾಲೇ ಬೆಳೀತೈತಿ” ಎಂದರು. ರಾಗಿಯ ಸೀಮೆಯವರಾದ ನಮ್ಮನ್ನು ಈ ಮಾತು ವಿಚಾರಕ್ಕೆ ಹಚ್ಚಿತು.

ಸಂಸ್ಕೃತದಲ್ಲಿ ಯಾವನಾಲವೆನಿಸಿದ ಈ ಧಾನ್ಯವನ್ನು ವಿಜಯಪುರ, ಕಲಬುರಗಿ ಮುಂತಾದ ಕರಿಮಣ್ಣಿನ ಸೀಮೆಗಳಲ್ಲಿ ಮಳೆಗಾಲವು ಮುಗಿಯುತ್ತ ಬಂದಾಗ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುವರು. ಎಳ್ಳಮಾವಾಸ್ಯೆಯಂದು ರೈತರು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಪೈರಿನ ನಡುವೆಯೇ. ಮುಂದೆ ಮಳೆಯಿಲ್ಲ, ಬಿಸಿಲು ಮಾತ್ರ ಏರುತ್ತ ಹೋಗುವುದು. ಆದರೂ ತೆನೆ ತುಂಬುವುದು.

ಇದಕ್ಕೆ ಕಾರಣವೇನು? ಇದರ ಬೇರು ಆಳಕ್ಕಿಳಿದು ಮಣ್ಣಿನ ಪಸೆಯನ್ನು ಹುಡುಕುವುದು. ಎಲೆಯ ಮೇಲೆ ಮೇಣದ ಲೇಪವಿರುವುದರಿಂದ ನೀರು ವ್ಯರ್ಥವಾಗಿ ಆರಿಹೋಗದು. ಬಿಸಿಲು ಮಿತಿಮೀರಿದರೆ ಎಲೆಯು ಸುರುಳಿಗೊಳ್ಳುವುದು. ಇಂಗಾಲಾಮ್ಲವಾಯುವನ್ನು ಎಲೆಯೊಳಗೇ ಸಾಂದ್ರಗೊಳಿಸಿ ಬಳಸುವ ಕ್ರಮವು ಇದಕ್ಕೆ ಸಿದ್ಧಿಸಿರುವುದರಿಂದ, ಬತ್ತದಂತೆ ಎಲೆಯ ರಂಧ್ರಗಳನ್ನು ಹೆಚ್ಚು ತೆರೆದು ನೀರನ್ನು ಕಳೆದುಕೊಳ್ಳಬೇಕಾಗಿಲ್ಲ. ಎಳೆಯ ಪೈರಿಗೆ ನೀರು ತೀರ ಸಾಲದಾದರೆ ಅದು ಬೆಳೆಯುವುದನ್ನೇ ನಿಲ್ಲಿಸಿ, ಹಸಿ ದೊರೆತಾಗ ಮತ್ತೆ ಬೆಳೆಯುವುದು. ಕೆಲವು ತಳಿಗಳಲ್ಲಿ ಹೂವಾದ ಮೇಲೆ ಬರ ಬಂದರೂ ಎಲೆಗಳು ಬಹುಕಾಲ ಹಸುರಾಗಿಯೇ ಉಳಿದು ಕಾಳಿಗೆ ಆಹಾರವನ್ನೊದಗಿಸುವುವು. ದಂಟೂ ಬೇಗ ಬಾಗಿ ಬೀಳದು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಡತಳಿಯಿಂದ ಆರಿಸಿ ತೆಗೆದ ‘ಮಾಲದಂಡಿ 35-1’ ಎಂಬುದು ದಶಕಗಳಿಂದ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ಮನ್ನಣೆ ಪಡೆದಿದೆ.

ಆದರೆ ಈ ಸಹನೆಗೂ ಎಲ್ಲೆಯುಂಟು. ಹೂ ಬಿಡುವ ಕಾಲದಲ್ಲಿ ಉಷ್ಣವು ಅತಿಯಾದರೆ ಪರಾಗವು ಸತ್ತ್ವಗೆಟ್ಟು ಕಾಳು ಕಟ್ಟದು; ಕಾಳು ತುಂಬುವಾಗ ಸೆಕೆ ಬಲವಾದರೆ ಅದು ಸಣ್ಣದಾಗುವುದು. ಬರದಲ್ಲಿ ಬಾಡಿದ ಎಳೆಯ ಪೈರಿನಲ್ಲಿ ವಿಷಾಂಶವು ಹೆಚ್ಚುವುದರಿಂದ ಬಲ್ಲ ರೈತನು ದನವನ್ನು ಅಲ್ಲಿಗೆ ಬಿಡನು. ಭೂಮಿಯ ತಾಪವು ವರ್ಷ ವರ್ಷಕ್ಕೂ ಏರುತ್ತಿರುವ ಈ ಕಾಲದಲ್ಲಿ, ಬರವನ್ನು ಗೆದ್ದ ಹಳೆಯ ತಳಿಗಳು ಹೊಲದಲ್ಲಿ ಉಳಿದರಷ್ಟೆ ಮುಂದಿನ ತಳಿಗಳಿಗೆ ಆಧಾರ ದೊರೆಯುವುದು. ಅವು ಉಳಿಯಬೇಕಾದರೆ ಬಿತ್ತುವವರಿರಬೇಕು; ಹಕ್ಕಿ ಕಾಯ್ದು, ಬೇರುಸಹಿತ ಕಿತ್ತು, ತೆನೆ ಮುರಿಯುವ ಶ್ರಮಕ್ಕೆ ತಕ್ಕ ಬೆಲೆ ಬರಬೇಕು.

ಹಳಗನ್ನಡದಲ್ಲಿ ಉಂಡ ಅನ್ನದ ಋಣಕ್ಕೆ ‘ಜೋಳವಾಳಿ’ ಎಂಬ ಹೆಸರಿದ್ದಿತು. ಒಡೆಯನ ಜೋಳವನ್ನುಂಡ ವೀರನು ಅದಕ್ಕಾಗಿ ಪ್ರಾಣವನ್ನೇ ಕೊಡುತ್ತಿದ್ದನು. ನಮ್ಮಿಂದ ಅಷ್ಟನ್ನು ಯಾರೂ ಬೇಡುತ್ತಿಲ್ಲ. ವಾರಕ್ಕೆರಡು ದಿನ ಜೋಳದ ರೊಟ್ಟಿಗೆ ನಮ್ಮ ಮನೆಯಲ್ಲಿ ಎಡೆಮಾಡಿದ್ದೇವೆ. ಮೊದಲು ತಟ್ಟಿದ ರೊಟ್ಟಿಗಳೆಲ್ಲ ಹರಿದುಹೋದುವು. ನೆರೆಮನೆಯ ತಾಯಿಯವರು ಬಂದು, ಬಿಸಿನೀರಿನಲ್ಲಿ ಹಿಟ್ಟನ್ನು ನಾದುವ ಬಗೆಯನ್ನು ಕಲಿಸಿಕೊಟ್ಟರು. ಈಗ ಹರಿಯುವುದಿಲ್ಲ.